ತೀರ್ಥಹಳ್ಳಿ ಮನೆ ಮಾರಿ ಶಿವಮೊಗ್ಗದಲ್ಲಿ ಕೊಳ್ಳಬೇಕು, ಯಾವ ಬ್ರೋಕರ್‌ನ ನಂಬಲಿ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ, ಅಮ್ಮ ಇಬ್ಬರೇ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿದ್ದಾರೆ. ಅಪ್ಪನಿಗೆ ಎಪ್ಪತ್ತು ದಾಟಿದೆ. ರಾತ್ರಿ ಹೊತ್ತು ಏನಾದರೂ ಆದರೆ ಆಸ್ಪತ್ರೆಗೆ ಹೋಗುವುದೇ ಕಷ್ಟ. ಹಾಗಾಗಿ ಅಜ್ಜನ ಕಾಲದ ಮನೆ ಮತ್ತು ಒಂದು ಎಕರೆ ಅಡಿಕೆ ತೋಟ ಮಾರಿ, ಶಿವಮೊಗ್ಗದಲ್ಲಿ 60 ಲಕ್ಷದ ಒಳಗೆ ಒಂದು ಮನೆ ತಗೊಳ್ಳೋಣ ಅಂತಿದ್ದೇವೆ. ಮೂವರು ಬ್ರೋಕರ್ ಸಿಕ್ಕಿದ್ದಾರೆ. ಒಬ್ಬರು, "ನಿಮ್ಮ ಕೈಗೆ ನೆಟ್ ಎಷ್ಟು ಬರಬೇಕು ಹೇಳಿ, ಉಳಿದಿದ್ದು ನನಗೆ ಬಿಡಿ" ಅಂತಾರೆ. ಇನ್ನೊಬ್ಬರು ಶಿವಮೊಗ್ಗದಲ್ಲಿ ಒಂದು ಮನೆ ತೋರಿಸಿ ಅವತ್ತೇ 50 ಸಾವಿರ ಟೋಕನ್ ಕೇಳಿದರು. ಮೂರನೆಯವರು ಅಮ್ಮನ ಕಡೆ ಸಂಬಂಧಿ, ಎರಡೂ ಕೆಲಸ ತಾನೇ ಮಾಡಿಸಿಕೊಡುತ್ತೇನೆ ಅಂತಾರೆ. ಯಾರನ್ನು ನಂಬಬೇಕು? ಕಮಿಷನ್ ಎಷ್ಟು ಕೊಡಬೇಕು? ಬ್ರೋಕರ್ ಇಲ್ಲದೇ ಮಾಡಿಕೊಳ್ಳಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬ್ರೋಕರ್ ಇಲ್ಲದೇ ಮಾಡಿಕೊಳ್ಳಬಹುದು, ಕಾನೂನಿನ ಅಡ್ಡಿ ಏನೂ ಇಲ್ಲ. ಆದರೆ ನೀವು ಬೆಂಗಳೂರಿನಲ್ಲಿದ್ದೀರಿ, ಅಪ್ಪನಿಗೆ ಓಡಾಟ ಆಗುವುದಿಲ್ಲ. ಬಂದವರಿಗೆಲ್ಲ ಮನೆ, ತೋಟ ತೋರಿಸಲು, ಪಂಚಾಯಿತಿ, ನಾಡಕಚೇರಿ, ತಾಲ್ಲೂಕು ಕಚೇರಿ ಅಂತ ಅಲೆಯಲು ಒಬ್ಬರು ಬೇಕೇ ಬೇಕು. ಆ ಓಡಾಟಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ.

ನಾನು ಶಿವಮೊಗ್ಗದಲ್ಲಿ ಆಸ್ತಿ ಪತ್ರ ಬರೆಯುವವನು. ಬ್ರೋಕರುಗಳ ಮುಖ ದಿನಾ ನೋಡುತ್ತೇನೆ. ಮಾತಿನ ಮಲ್ಲರೂ ಇದ್ದಾರೆ, ಮಾತೇ ಆಡದ ಪ್ರಾಮಾಣಿಕರೂ ಇದ್ದಾರೆ. ಒಬ್ಬರು ಹೇಗೆ ಅಂತ ತಿಳಿಯಲು ನಾನು ನೋಡುವುದು ಒಂದನ್ನೇ. ಕಮಿಷನ್ ತಪ್ಪುತ್ತದೆ ಅಂತ ಗೊತ್ತಿದ್ದೂ "ಇದು ಬೇಡ ಬಿಡಿ" ಅಂತ ಹೇಳುತ್ತಾರಾ? ಇಡೀ ಉತ್ತರದಲ್ಲಿ ನಾನು ಬೇರೆ ಬೇರೆ ಕಡೆಯಿಂದ ಹೇಳುವುದು ಇದನ್ನೇ.

ಮೊದಲು ಒಂದು ವಿಷಯ. ನಿಮ್ಮ ಮುಂದೆ ಎರಡು ಕೆಲಸ ಇದೆ. ತೀರ್ಥಹಳ್ಳಿ ಕಡೆ ಮಾರುವುದು, ಶಿವಮೊಗ್ಗದಲ್ಲಿ ಕೊಳ್ಳುವುದು. ಎರಡಕ್ಕೂ ಒಬ್ಬರನ್ನೇ ಹಿಡಿಯಬೇಡಿ. ಈ ವ್ಯವಹಾರದಲ್ಲಿ ಒಬ್ಬೊಬ್ಬರ ತಿಳಿವಳಿಕೆ ಬಹಳ ಚಿಕ್ಕ ಜಾಗದ್ದು. ವಿನೋಬನಗರದ ಗಲ್ಲಿ ಗಲ್ಲಿ ಗೊತ್ತಿರುವವರಿಗೆ ಗೋಪಾಳದ ರೇಟೇ ಸರಿಯಾಗಿ ಗೊತ್ತಿರುವುದಿಲ್ಲ. ಅಂಥವರಿಗೆ ತೀರ್ಥಹಳ್ಳಿ ದಾರಿಯ ಮಂಡಗದ್ದೆ ಆಚೆಯ ತೋಟದ ಬೆಲೆ, ಅಲ್ಲಿನ ದಾರಿ ಜಗಳ, ಯಾರ ಜಮೀನು ಯಾರ ಅನುಭವದಲ್ಲಿದೆ ಅನ್ನುವುದೆಲ್ಲ ಹೇಗೆ ಗೊತ್ತಾಗಬೇಕು?

ತೀರ್ಥಹಳ್ಳಿ, ಹೊಸನಗರ ಕಡೆ ಬ್ರೋಕರಿಕೆಯನ್ನೇ ನಂಬಿ ಕೂತವರು ಕಡಿಮೆ. ಅಡಿಕೆ ವ್ಯಾಪಾರ, ಎಲ್‌ಐಸಿ, ಸಣ್ಣಪುಟ್ಟ ಕಂಟ್ರಾಕ್ಟು, ಇದರ ಜೊತೆಗೆ ಜಮೀನು ಕೊಡಿಸುವವರೇ ಜಾಸ್ತಿ. ಬೋರ್ಡೂ ಇರುವುದಿಲ್ಲ, ಕಾರ್ಡೂ ಇರುವುದಿಲ್ಲ. ಅದೇನೂ ದೋಷ ಅಲ್ಲ. ಅಂಥವರ ಹೆಸರು ಬೇಕಂದರೆ ಮೊಬೈಲ್‌ನಲ್ಲಿ ಹುಡುಕಬೇಡಿ. ನಿಮ್ಮ ಊರು, ಅಕ್ಕಪಕ್ಕದ ಊರುಗಳಲ್ಲಿ ಎರಡು ಮೂರು ವರ್ಷದಿಂದೀಚೆಗೆ ಯಾರ ತೋಟ ಮಾರಾಟ ಆಯಿತು ಅಂತ ಅಪ್ಪನಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಸೊಸೈಟಿಯಲ್ಲೋ ಅಡಿಕೆ ಮಂಡಿಯಲ್ಲೋ ಒಂದು ಮಾತು ಕೇಳಿದರೆ ಸಾಕು. ಮಾರಿದವರನ್ನೂ ಕೊಂಡವರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ. "ಬ್ರೋಕರ್ ಒಳ್ಳೆಯವರಾ?" ಅಂತ ಕೇಳಿದರೆ "ಹೂಂ, ಪರವಾಗಿಲ್ಲ" ಅಂತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ: ಮೊದಲು ಮಾತಾಡಿದ ಕಮಿಷನ್ ಎಷ್ಟು, ಕೊನೆಗೆ ಕೊಟ್ಟಿದ್ದೆಷ್ಟು? ರಿಜಿಸ್ಟ್ರೇಷನ್ ಮುಗಿದ ಮೇಲೆ, ಖಾತೆ ಬದಲಾಗುವವರೆಗೂ ಫೋನ್ ಎತ್ತುತ್ತಿದ್ದರಾ? ಎರಡನೇ ಪ್ರಶ್ನೆಗೆ ಬರುವ ಉತ್ತರಕ್ಕೆ ಜಾಸ್ತಿ ಬೆಲೆ ಕೊಡಿ.

ಮಲೆನಾಡಿನ ಮನೆ, ತೋಟ ಮಾರುವುದರಲ್ಲಿ ತೊಡಕು ಎಲ್ಲಿದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಒಳ್ಳೆ ಬ್ರೋಕರ್ ಯಾರು ಅಂತ ಗೊತ್ತಾಗುವುದೇ ಅಲ್ಲಿ.

ಬಯಲುಸೀಮೆಯಲ್ಲಿ ಊರು ಅಂದರೆ ಮನೆಗಳೆಲ್ಲ ಒಟ್ಟಿಗೆ, ಗ್ರಾಮಠಾಣಾದ ಒಳಗೆ. ನಮ್ಮಲ್ಲಿ ತೋಟದ ಪಕ್ಕ ಒಂದೊಂದೇ ಮನೆ. ಹಾಗಾಗಿ ಎಷ್ಟೋ ಮನೆಗಳು ಇರುವುದು ಪಹಣಿ ಇರುವ ಕೃಷಿ ಜಮೀನಿನ ಮೇಲೆ. ಭೂ ಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಆಗಿರುವುದಿಲ್ಲ. ಪಂಚಾಯಿತಿಗೆ ಕಂದಾಯ ಕಟ್ಟಿದ ರಸೀದಿ ಇರುತ್ತದೆ, ಕರೆಂಟ್ ಬಿಲ್ ಇರುತ್ತದೆ, ಇ-ಸ್ವತ್ತು, ಅಂದರೆ ಪಂಚಾಯಿತಿ ಕೊಡುವ ಡಿಜಿಟಲ್ ಆಸ್ತಿ ದಾಖಲೆ, ಮಾತ್ರ ಇರುವುದಿಲ್ಲ. ಇ-ಸ್ವತ್ತಿನಲ್ಲಿ ಫಾರಂ 9 ಮತ್ತು 11ಎ ಇದ್ದರೆ ಮನೆ ಮಾರುವುದು ಸಲೀಸು. 11ಬಿ ಇದ್ದರೆ ಪರಿವರ್ತನೆಯೋ ನಕ್ಷೆ ಅನುಮೋದನೆಯೋ ಬಾಕಿ ಇದೆ ಅಂತ ಅರ್ಥ, ಅಂಥದ್ದಕ್ಕೆ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಎರಡೂ ಇಲ್ಲ, ಮನೆ ತೋಟದ ಸರ್ವೆ ನಂಬರಿನಲ್ಲೇ ಇದೆ ಅಂದರೆ, ಅದನ್ನು ಕೃಷಿ ಜಮೀನಿನ ಜೊತೆಗೇ ಮಾರುವ ಲೆಕ್ಕ ಹಾಕಬೇಕಾಗುತ್ತದೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಇಲ್ಲದೇ ನೋಂದಣಿ ಆಗುವುದಿಲ್ಲ. ಅದಕ್ಕೆ ಸರ್ವೆಯವರು ಬಂದು ಅಳತೆ ಮಾಡಬೇಕು, ಸಮಯ ಹಿಡಿಯುತ್ತದೆ.

ಈ ಮಾತೆಲ್ಲ ಬ್ರೋಕರ್ ಬಾಯಿಂದ ಮೊದಲ ಭೇಟಿಯಲ್ಲೇ ಬರಬೇಕು. ಮನೆಗೆ ಬಂದು, ಕಾಫಿ ಕುಡಿದು, "ಜಾಗ ಚೆನ್ನಾಗಿದೆ, ಬೆಂಗಳೂರು ಪಾರ್ಟಿ ಇದೆ, ಹೋಂಸ್ಟೇಗೆ ಹೇಳಿ ಮಾಡಿಸಿದ ಹಾಗಿದೆ" ಅಂತ ಹೊಗಳಿ ಹೋದವರನ್ನು ಪಟ್ಟಿಯಿಂದ ತೆಗೆಯಿರಿ. "ಪಹಣಿ ಕೊಡಿ, ಮ್ಯುಟೇಷನ್ ಕೊಡಿ, ಇ-ಸ್ವತ್ತು ಆಗಿದೆಯಾ, ವಂಶವೃಕ್ಷ ತೆಗೆಸಿದ್ದೀರಾ" ಅಂತ ಕೇಳಿದವರನ್ನು ಇಟ್ಟುಕೊಳ್ಳಿ.

ಎರಡನೇ ತೊಡಕು ಇನ್ನೂ ನಾಜೂಕಿನದು. ಪಹಣಿಯಲ್ಲಿ ಒಂದು ಎಕರೆ ಇರುತ್ತದೆ, ಅನುಭವದಲ್ಲಿ ಒಂದೂಮುಕ್ಕಾಲು. ಮೇಲಿನ ಮುಕ್ಕಾಲು ಎಕರೆಗೆ ಬಗರ್‌ಹುಕುಂ (ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನಿನ ಸಕ್ರಮ) ಅರ್ಜಿ ಹಾಕಿದೆ ಅಂತಲೋ, ಸೊಪ್ಪಿನಬೆಟ್ಟ ಅಂತಲೋ ಹೇಳುತ್ತಾರೆ. ಸೊಪ್ಪಿನಬೆಟ್ಟ, ಕಾನು ಇವೆಲ್ಲ ಸೊಪ್ಪು ಸೌದೆಗೆ ಬಂದ ಹಕ್ಕು, ಸ್ವಂತ ಖಾತೆ ಜಮೀನಲ್ಲ. ಅರ್ಜಿ ಹಾಕಿದ ಮಾತ್ರಕ್ಕೆ ಜಾಗ ನಿಮ್ಮದಾಗುವುದಿಲ್ಲ. ಅದನ್ನೂ ಸೇರಿಸಿ ರೇಟು ಹೇಳುವ ಬ್ರೋಕರುಗಳಿದ್ದಾರೆ. ಕೊಳ್ಳುವವರು ದೂರದವರಾದರೆ ಅವರಿಗೆ ಬೇಲಿ ಎಲ್ಲಿದೆಯೋ ಅಲ್ಲಿವರೆಗೂ ತಮ್ಮದೇ ಅನ್ನಿಸುತ್ತದೆ. ಆಮೇಲೆ ಸರ್ವೆ ಆದಾಗ ಜಗಳ ಬರುವುದು ಮಾರಿದವರ ಮನೆ ಬಾಗಿಲಿಗೆ.

ಹೊಸನಗರ ಕಡೆ ಒಂದು ತೋಟದ ಮಾತು ಹೇಳುತ್ತೇನೆ. ಜಿಟಿಜಿಟಿ ಮಳೆ. ಬ್ರೋಕರ್ ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಆಪ್ ತೆರೆದು, ಬೇಲಿಗುಂಟ ನಡೆಯುತ್ತಿದ್ದರು. ಹಿಂದೆ ಕೊಡೆ ಹಿಡಿದುಕೊಂಡು ಜಮೀನಿನ ಯಜಮಾನರು. ಮೇಲಿನ ಅಂಚಿಗೆ ಬಂದಾಗ ಬ್ರೋಕರ್ ನಿಂತರು. ಫೋನಿನ ಚುಕ್ಕಿ ಪಕ್ಕದ ಸರ್ವೆ ನಂಬರಿಗೆ ಹೋಗಿತ್ತು. ಅಡಿಕೆ ಸಾಲು ಮಾತ್ರ ಇನ್ನೂ ಮುಂದಕ್ಕೆ ಹೋಗಿತ್ತು. "ಅಣ್ಣಾ, ಈ ಮೂರು ಸಾಲು ನಂಬರಿನ ಆಚೆ ಇರೋ ಹಾಗಿದೆ. ಇದನ್ನ ಬಿಟ್ಟು ರೇಟು ಹೇಳಾಣ. ತಗೊಳ್ಳೋರಿಗೆ ಮೊದಲೇ ಹೇಳಿಬಿಡಾಣ" ಅಂದರು. ಯಜಮಾನರಿಗೆ ಸಿಟ್ಟು ಬಂತು. "ನಮ್ಮಪ್ಪ ನೆಟ್ಟ ಮರ ಮಾರಾಯ" ಅಂತ ಕೂಗಾಡಿದರು. ಬ್ರೋಕರ್ ವಾದ ಮಾಡಲಿಲ್ಲ. "ಸರ್ವೆ ಮಾಡಿಸಿ, ಒಳಗೆ ಬಂದರೆ ಸೇರಿಸಾಣ" ಅಂದರು. ಸರ್ವೆ ಆಯಿತು, ಮೂರಲ್ಲಿ ಎರಡು ಸಾಲು ಹೊರಗೇ ಬಂತು. ಆ ಫೋನಿನ ಚುಕ್ಕಿ ಪಕ್ಕಾ ಅಳತೆಯಲ್ಲ, ಅದನ್ನೇ ನಂಬಿ ಕೂರುವ ಹಾಗಿಲ್ಲ. ಆದರೆ ಮಾರುವವರ ಕಡೆಯ ಬ್ರೋಕರ್ ಆಗಿದ್ದೂ ತಾನಾಗಿ ಆ ಮಾತೆತ್ತಿದರಲ್ಲ, ಅಂಥವರು ಬೇಕು ನಿಮಗೆ.

ಇನ್ನೊಂದು ವಿಷಯ ಬೇಗ ಹೇಳಿಬಿಡುತ್ತೇನೆ. ಜಮೀನು ಯಾವ ಕಾಲದಲ್ಲಾದರೂ ಸರ್ಕಾರದಿಂದ ಮಂಜೂರಾಗಿದ್ದರೆ, ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಮಂಜೂರಾತಿ ಪತ್ರದಲ್ಲಿ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೇ ಮಾರುವ ಹಾಗೇ ಇಲ್ಲ. "ಅದೆಲ್ಲ ಹಳೇದು, ನಡೆಯುತ್ತೆ" ಅಂತ ಯಾರಾದರೂ ಹೇಳಿದರೆ ಅವರ ಜೊತೆ ಮಾತು ನಿಲ್ಲಿಸಿ.

ಮನೆ ಅಜ್ಜನ ಕಾಲದ್ದು ಅಂದಿರಿ. ಅಪ್ಪನಿಗೆ ಅಕ್ಕ ತಂಗಿಯರು ಇದ್ದಾರಾ ಅಂತ ನೀವು ಬರೆದಿಲ್ಲ. ಇದ್ದರೆ ಅವರ ಸಹಿ ವಿಷಯ ಮೊದಲೇ ತೀರ್ಮಾನ ಆಗಬೇಕು. ಮಕ್ಕಳಾದ ನಿಮ್ಮ ಸಹಿಯೂ ಬೇಕಾಗಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಅಂತ 2005ರ ತಿದ್ದುಪಡಿ ಹೇಳುತ್ತದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಖಚಿತ ಮಾಡಿತು. ಪಾಲುಪತ್ರ ಯಾವಾಗ ಆಗಿತ್ತು, ನೋಂದಣಿ ಆಗಿತ್ತಾ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಾಗಾಗಿ ಇದನ್ನು ವಕೀಲರಿಗೆ ಕಾಗದ ತೋರಿಸಿಯೇ ಕೇಳಿ. "ಪಹಣಿ ನಿಮ್ಮ ಅಪ್ಪನ ಹೆಸರಲ್ಲೇ ಇದೆಯಲ್ಲ, ಅತ್ತೆಯರ ಸಹಿ ಯಾಕೆ?" ಅನ್ನುವ ಬ್ರೋಕರ್‌ಗೆ ಕಾಗದವೂ ಗೊತ್ತಿಲ್ಲ, ನಿಮ್ಮ ಕುಟುಂಬದ ನೆಮ್ಮದಿಯೂ ಬೇಕಿಲ್ಲ.

ಈಗ ನಿಮ್ಮ ಮೊದಲನೇ ಬ್ರೋಕರ್ ವಿಷಯ. ನೆಟ್ ರೇಟು.

ಕೇಳುವಾಗ ಇದು ಬಹಳ ಹಗುರ ಅನ್ನಿಸುತ್ತದೆ. ನಮಗೆ ಬೇಕಾದ್ದು ಬಂದರೆ ಸಾಕು, ಅವರು ಎಷ್ಟಾದರೂ ಮಾಡಿಕೊಳ್ಳಲಿ ಅಂತ. ಲೆಕ್ಕ ಹಾಕಿ ನೋಡೋಣ. ನೀವು 60 ಲಕ್ಷ ನೆಟ್ ಅಂದಿರಿ ಅಂತಿಟ್ಟುಕೊಳ್ಳಿ. ಅವರು ಕೊಳ್ಳುವವರಿಗೆ 68 ಅಂತಾರೆ. ನೇರವಾಗಿ ಎರಡು ಪರ್ಸೆಂಟ್ ಕಮಿಷನ್ ಆಗಿದ್ದರೆ 60 ಲಕ್ಷಕ್ಕೆ 1.20 ಲಕ್ಷ. ಇಲ್ಲಿ 8 ಲಕ್ಷ. ದುಡ್ಡು ಹೋಯಿತು ಅನ್ನುವುದು ಸಣ್ಣ ಮಾತು. ಆ 8 ಲಕ್ಷ ಕ್ರಯಪತ್ರದಲ್ಲಿ ಎಲ್ಲಿ ಬರುತ್ತದೆ? ಬರುವುದಿಲ್ಲ. ಕ್ಯಾಶ್‌ನಲ್ಲಿ ಹೋಗುತ್ತದೆ. ಕೊಳ್ಳುವವರನ್ನು ನಿಮ್ಮ ಹತ್ತಿರ ಮಾತಾಡಲು ಬಿಡುವುದಿಲ್ಲ, ಯಾಕೆಂದರೆ ಮಾತಾಡಿದರೆ ಗುಟ್ಟು ಬಯಲಾಗುತ್ತದೆ. ರಿಜಿಸ್ಟ್ರೇಷನ್ ದಿನ ಕಚೇರಿ ಕಟ್ಟೆ ಮೇಲೆ ಕೂತು "ನೀವು 68 ತಗೊಂಡ್ರಲ್ಲ?" "ಇಲ್ಲ, ನಾನು ಹೇಳಿದ್ದು 60" ಅಂತ ಮುಖ ಮುಖ ನೋಡಿಕೊಂಡು, ಪತ್ರ ಅರ್ಧಕ್ಕೇ ನಿಂತಿದ್ದನ್ನು ನಾನು ಕಂಡಿದ್ದೇನೆ.

ಇದರ ಅಣ್ಣ ಇನ್ನೊಂದಿದೆ. ಬ್ರೋಕರ್ ತಾನೇ ಒಂದೆರಡು ಲಕ್ಷ ಮುಂಗಡ ಕೊಟ್ಟು, ತನ್ನ ಹೆಸರಿಗೇ ಅಗ್ರಿಮೆಂಟ್ ಹಾಕಿಸಿಕೊಳ್ಳುತ್ತಾರೆ. ಜೊತೆಗೆ ಒಂದು ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ. ಆರು ತಿಂಗಳು ಗಿರಾಕಿ ಹುಡುಕುತ್ತಾರೆ. ಸಿಕ್ಕರೆ ಲಾಭ ಅವರದ್ದು. ಸಿಗದಿದ್ದರೆ ನಿಮ್ಮ ಜಮೀನು ಅಗ್ರಿಮೆಂಟಿನಲ್ಲಿ ಸಿಕ್ಕಿಕೊಂಡು ಬೇರೆಯವರಿಗೂ ಮಾರಲು ಆಗುವುದಿಲ್ಲ. ಬ್ರೋಕರ್‌ಗೆ ಯಾವ ಕಾರಣಕ್ಕೂ ಜಿಪಿಎ ಕೊಡಬೇಡಿ. ಅಪ್ಪನ ಹತ್ತಿರ ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಿಸಲು ಬಿಡಬೇಡಿ. ನೀವು ಕೊಳ್ಳುವಾಗಲೂ ಅಷ್ಟೇ. ಜಿಪಿಎ ಮೇಲೆ ಮಾರುತ್ತಿದ್ದಾರೆ ಅಂದರೆ ಎಚ್ಚರ. ಬರೀ ಜಿಪಿಎ ಮತ್ತು ಅಗ್ರಿಮೆಂಟಿನಿಂದ ಮಾಲೀಕತ್ವ ಬರುವುದಿಲ್ಲ, ನೋಂದಣಿಯಾದ ಕ್ರಯಪತ್ರವೇ ಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಹಾಗಾದರೆ ಮಾರುವ ಬ್ರೋಕರ್ ಹತ್ತಿರ ಏನು ಮಾಡಿಕೊಳ್ಳಬೇಕು? ಒಂದು ಪುಟದ ಪತ್ರ. ಇಂಥ ಸರ್ವೆ ನಂಬರು, ನಾವು ಕೇಳುವ ಬೆಲೆ ಇಷ್ಟು, ಕಮಿಷನ್ ಇಷ್ಟು ಪರ್ಸೆಂಟ್, ಅವಧಿ ಮೂರು ತಿಂಗಳು, ಮುಂಗಡ ಪಡೆಯುವ ಅಧಿಕಾರ ಬ್ರೋಕರ್‌ಗೆ ಇಲ್ಲ, ಬರುವ ಹಣವೆಲ್ಲ ಅಪ್ಪನ ಬ್ಯಾಂಕ್ ಖಾತೆಗೇ. ಇಬ್ಬರ ಸಹಿ. ನಮ್ಮ ಕಡೆ ಇದನ್ನು ಮಾಡುವುದು ಕಡಿಮೆ, "ಏನ್ರೀ, ನಂಬಿಕೆ ಇಲ್ವಾ?" ಅಂತ ಕೇಳುತ್ತಾರೆ. "ನಂಬಿಕೆ ಇದೆ, ನಾನು ಬೆಂಗಳೂರಲ್ಲಿದ್ದೀನಲ್ಲ, ನೆನಪಿಗೆ ಇರಲಿ ಅಂತ" ಅನ್ನಿ. ಸಹಿ ಹಾಕಿದರೆ ಒಳ್ಳೇದು. ಮುಖ ಗಂಟು ಹಾಕಿಕೊಂಡು ಹೋದರೆ ಅದೂ ಒಳ್ಳೇದೇ. ಕಾಗದಗಳ ಜೆರಾಕ್ಸ್ ಮಾತ್ರ ಕೊಡಿ, ಪ್ರತಿ ಹಾಳೆ ಮೇಲೆ "ಪರಿಶೀಲನೆಗೆ ಮಾತ್ರ" ಅಂತ ಅಡ್ಡಲಾಗಿ ಬರೆದು ತಾರೀಕು ಹಾಕಿ. ಒರಿಜಿನಲ್ ಬೀರುವಿನಿಂದ ಹೊರಗೆ ಬರುವುದು ರಿಜಿಸ್ಟ್ರೇಷನ್ ದಿನವೇ.

ಶಿವಮೊಗ್ಗಕ್ಕೆ ಬರೋಣ.

ಕೊಳ್ಳುವ ಕಡೆ ಬ್ರೋಕರ್ ಹುಡುಕುವ ಮೊದಲು, ಯಾವ ಏರಿಯಾ ಅಂತ ನೀವೇ ತೀರ್ಮಾನ ಮಾಡಿ. ಅಪ್ಪ ಅಮ್ಮನಿಗೆ ಆಸ್ಪತ್ರೆ, ಔಷಧಿ ಅಂಗಡಿ, ತರಕಾರಿ ಹತ್ತಿರ ಬೇಕು. ಹಾಗಿದ್ದ ಮೇಲೆ "ಸೋಗಾನೆ ಏರ್‌ಪೋರ್ಟ್ ಬಂತು, ಆ ಕಡೆ ರೇಟು ಡಬಲ್ ಆಗುತ್ತೆ" ಅನ್ನುವ ಮಾತು ನಿಮಗೆ ಬೇಕಿಲ್ಲ. ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು, ಅವತ್ತಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ನೀವು ಕೇಳಿದ್ದು ವಾಸಕ್ಕೆ ಮನೆ. ಅದನ್ನು ಬಿಟ್ಟು ಊರಾಚೆಯ ಸೈಟು ತೋರಿಸಿದರೆ, ಅವರು ನಿಮ್ಮ ಮಾತು ಕೇಳಿಸಿಕೊಂಡಿಲ್ಲ.

ಏರಿಯಾ ಗೊತ್ತಾದ ಮೇಲೆ ಒಂದು ಸಂಜೆ ಅಲ್ಲಿ ಸುಮ್ನೆ ಓಡಾಡಿ. ಇಸ್ತ್ರಿ ಅಂಗಡಿ, ಕಿರಾಣಿ ಅಂಗಡಿಯವರಿಗೆ ಯಾರ ಮನೆ ಖಾಲಿ ಇದೆ, ಯಾರು ತೋರಿಸುತ್ತಾರೆ ಎಲ್ಲ ಗೊತ್ತಿರುತ್ತದೆ. ಅಲ್ಲೇ ಇತ್ತೀಚೆಗೆ ಮನೆ ತಗೊಂಡವರನ್ನು ಕೇಳಿ. ನಿಮ್ಮ ಬ್ಯಾಂಕಿನ ಗೃಹಸಾಲ ವಿಭಾಗದಲ್ಲೂ ಕೇಳಬಹುದು, ಯಾರು ತರುವ ಫೈಲು ಪದೇ ಪದೇ ವಾಪಸ್ ಹೋಗುತ್ತದೆ ಅಂತ ಅವರಿಗೆ ಗೊತ್ತು. ಬಾಯಿಬಿಟ್ಟು ಹೇಳದಿದ್ದರೂ ಹೆಸರು ಕೇಳಿದಾಗ ನಗುತ್ತಾರೆ. ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಲ್ಲಿ ಬರುವ ಜಾಹೀರಾತು ರೇಟು ಅಂದಾಜಿಗೆ ಸಾಕು, ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದಿಲ್ಲ. ಒಂದೇ ಮನೆಯನ್ನು ನಾಲ್ಕು ಜನ ನಾಲ್ಕು ರೇಟಿಗೆ ಹಾಕಿರುತ್ತಾರೆ. ಯಾರ ಹತ್ತಿರ ನಿಜವಾಗಿ ಯಜಮಾನರ ನಂಬರಿದೆ ಅಂತ ಕೇಳಿ ನೋಡಿ, ಮೂವರು ಉಳಿಯುವುದಿಲ್ಲ.

ಬ್ರೋಕರ್ ಎದುರಿಗೆ ಬಂದಾಗ ಕೇಳಲು ನನ್ನ ಹತ್ತಿರ ಎರಡು ಪ್ರಶ್ನೆ ಇವೆ.

ಒಂದು, "2019ರಲ್ಲಿ ಇಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?" ಆ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆಲ್ಲ ನೀರು ನುಗ್ಗಿತ್ತು. ಏರಿಯಾ ಬಲ್ಲವರಾದರೆ ಬೀದಿ ಬೀದಿ ಲೆಕ್ಕ ಹೇಳುತ್ತಾರೆ. ಒಬ್ಬರು ನನ್ನ ಪರಿಚಯದವರಿಗೆ ಮನೆ ತೋರಿಸುವಾಗ ಎದುರು ಮನೆಯ ಕಾಂಪೌಂಡ್ ಹತ್ತಿರ ಕರೆದುಕೊಂಡು ಹೋಗಿ, ಗೇಟಿನ ಕಂಬದ ಮೇಲೆ ಕೈಯಿಟ್ಟು "ಇಲ್ಲಿಗೆ ಬಂದಿತ್ತು, ನಾವು ನೋಡುತ್ತಿರುವ ಮನೆ ಎರಡು ಮೆಟ್ಟಿಲು ಎತ್ತರ, ಒಳಗೆ ಬರಲಿಲ್ಲ, ಆದರೆ ನೆಲದಡಿಯ ನೀರಿನ ಸಂಪಿನೊಳಗೆ ಕೊಳಕು ನೀರು ಸೇರಿತ್ತು" ಅಂದರು. ಇಷ್ಟು ಹೇಳುವವರು ಸಿಕ್ಕರೆ ಬಿಡಬೇಡಿ. "ಈ ಏರಿಯಾಕ್ಕೆ ನೀರೇ ಬರಲ್ಲ ಸರ್" ಅಂತ ಒಂದೇ ಉಸಿರಿಗೆ ಹೇಳಿದರೆ ಪಕ್ಕದ ಮನೆಯವರನ್ನು ಕೇಳಿ. ಅಂದಹಾಗೆ, ಸಾಧ್ಯವಾದರೆ ಮನೆಯನ್ನು ಜುಲೈನಲ್ಲಿ ನೋಡಿ. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಒಣಗಿಯೇ ಇರುತ್ತದೆ. ಹೊಸದಾಗಿ ಬಣ್ಣ ಬಳಿದ ಒಂದೇ ಒಂದು ಗೋಡೆ ಕಂಡರೆ ಅದನ್ನು ಮುಟ್ಟಿ ನೋಡಿ.

ಎರಡು, "ರಿಜಿಸ್ಟ್ರೇಷನ್ ಖರ್ಚು ಎಷ್ಟಾಗುತ್ತೆ?" ಇದು ಅವರು ಈಗಲೂ ಕೆಲಸ ಮಾಡುತ್ತಿದ್ದಾರಾ, ಹಳೇ ಕಥೆ ಹೇಳುತ್ತಿದ್ದಾರಾ ಅಂತ ತಿಳಿಯಲು. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಪರ್ಸೆಂಟ್ ಇದ್ದದ್ದು 2 ಆಗಿದೆ. 60 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ 5 ಪರ್ಸೆಂಟ್ ಅಂದರೆ 3 ಲಕ್ಷ, ಅದರ ಮೇಲೆ ಸೆಸ್ 30 ಸಾವಿರ, ಸರ್‌ಚಾರ್ಜ್ 6 ಸಾವಿರ, ನೋಂದಣಿ ಶುಲ್ಕ 1.20 ಲಕ್ಷ. ಒಟ್ಟು 4.56 ಲಕ್ಷ, ಅಂದರೆ 7.6 ಪರ್ಸೆಂಟ್. ಇದರ ಜೊತೆಗೆ ಕಮಿಷನ್ನೂ ಸೇರುವುದರಿಂದ ನಿಮ್ಮ 60 ಲಕ್ಷದ ಒಳಗೆ ಮನೆಯ ಬೆಲೆ 54, 55ರ ಹತ್ತಿರ ಇರಬೇಕು. ಒಳ್ಳೆ ಬ್ರೋಕರ್ ಇದನ್ನು ಮೊದಲೇ ಹೇಳಿ, ಆ ಬೆಲೆಯ ಮನೆಗಳನ್ನೇ ತೋರಿಸುತ್ತಾರೆ.

"ಮಾರ್ಗಸೂಚಿ ದರಕ್ಕೆ ಮಾತ್ರ ಪತ್ರ ಮಾಡಿಸೋಣ, ಉಳಿದಿದ್ದು ಕ್ಯಾಶ್, ನಿಮಗೇ ಉಳಿತಾಯ" ಅಂತ ಸಲಹೆ ಕೊಟ್ಟರೆ? ಮಾರ್ಗಸೂಚಿ ದರ ಅಂದರೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ. ಇದನ್ನು ಉಪಕಾರ ಅಂದುಕೊಳ್ಳಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ ಮಾರುವವರು 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡು ಸಿಕ್ಕಿಬಿದ್ದರೆ ಅಷ್ಟೇ ಮೊತ್ತದ ದಂಡ. ನೀವು ತೀರ್ಥಹಳ್ಳಿಯಲ್ಲಿ ಮಾರುವವರೂ ಆಗಿದ್ದೀರಿ, ನೆನಪಿರಲಿ. ಮನೆ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು 1 ಪರ್ಸೆಂಟ್ ಟಿಡಿಎಸ್ (ಮಾರುವವರ ಲೆಕ್ಕದ ಆದಾಯ ತೆರಿಗೆ) ಹಿಡಿದು ಕಟ್ಟಬೇಕು. ಈ ಮಾತು ಬ್ರೋಕರ್ ಎತ್ತದಿದ್ದರೆ ನೀವೇ ಎತ್ತಿ.

ಕಾಗದದ ವಿಷಯದಲ್ಲಿ ನಗರದಲ್ಲಿ ಕೇಳಬೇಕಾದ್ದು ಸ್ವಲ್ಪ ಬೇರೆ. ಪಾಲಿಕೆ ವ್ಯಾಪ್ತಿಯ ಮನೆಗೆ ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಬೇಕೇ ಬೇಕು. 2024ರ ಅಕ್ಟೋಬರಿನಿಂದ ಅದಿಲ್ಲದೇ ನೋಂದಣಿ ಆಗುತ್ತಿಲ್ಲ. ಎ ಖಾತೆಯಾ, ಬಿ ಖಾತೆಯಾ ಅಂತ ಕೇಳಿ. ಬಿ ಅಂದರೆ ಬಡಾವಣೆಗೋ ಕಟ್ಟಡಕ್ಕೋ ಸರಿಯಾದ ಅನುಮೋದನೆ ಇಲ್ಲ, ತೆರಿಗೆ ಮಾತ್ರ ಕಟ್ಟಿಸಿಕೊಳ್ಳುತ್ತಿದ್ದಾರೆ ಅಂತ. ಬೋರ್ಡಿನ ಮೇಲೆ "ಸೂಡಾ ಅಪ್ರೂವ್ಡ್" (ಸೂಡಾ ಅಂದರೆ ಇಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರ) ಅಂತ ದಪ್ಪಕ್ಷರ ಇದ್ದರೆ ಆದೇಶದ ನಂಬರು, ತಾರೀಕು, ಅನುಮೋದಿತ ನಕ್ಷೆ ಕೇಳಿ, ಸೂಡಾ ಕಚೇರಿಗೇ ಹೋಗಿ ತಾಳೆ ನೋಡಿ. ಖಾಸಗಿ ಬಡಾವಣೆಯಾದರೆ ಪಾಲಿಕೆಗೆ ಹಸ್ತಾಂತರ ಆಗಿದೆಯಾ ಅಂತಲೂ ಕೇಳಿ. ಆಗಿಲ್ಲದ ಕಡೆ ನಲ್ಲಿ ನೀರು, ಒಳಚರಂಡಿ, ಬೀದಿದೀಪಕ್ಕೆ ಯಾರನ್ನು ಕೇಳಬೇಕು ಅಂತಲೇ ಗೊತ್ತಾಗದೆ ಜನ ಒದ್ದಾಡುತ್ತಾರೆ. ವಯಸ್ಸಾದವರು ಇಬ್ಬರೇ ಇರುವ ಮನೆಗೆ ಆ ತಲೆಬಿಸಿ ಬೇಡ.

ಆಸ್ತಿ ಮೇಲಿನ ಸಾಲ, ಮಾರಾಟ ತೋರಿಸುವ ಋಣಭಾರ ಪತ್ರವನ್ನು (ಇಸಿ) ಬ್ರೋಕರ್ ತಂದುಕೊಟ್ಟರೂ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನೀವೇ ಇನ್ನೊಂದು ಸಲ ತೆಗೆಯಿರಿ. ಬೆಂಗಳೂರಿನಲ್ಲಿ ಕೂತೇ ಆಗುತ್ತದೆ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿ ಆಗದ ಅಗ್ರಿಮೆಂಟು, ಬಾಯಿಮಾತಿನ ಪಾಲು ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಕಾಗದ ನೋಡಲು ವಕೀಲರು ಬೇರೆ ಇರಲಿ, ಅವರನ್ನು ನೀವೇ ಆರಿಸಿ. "ನಮ್ಮ ಲಾಯರ್ ಇದ್ದಾರೆ, ಬೇಗ ಒಪಿನಿಯನ್ ಕೊಡ್ತಾರೆ" ಅಂದರೆ ಕೈಮುಗಿದು ಬೇಡ ಅನ್ನಿ. ಬ್ರೋಕರ್‌ಗೆ ಗೊತ್ತಿರುವುದು ಜನ, ಜಾಗ ಮತ್ತು ಬೆಲೆ. ಹಕ್ಕು ಸರಿಯಿದೆಯಾ ಅಂತ ಹೇಳುವ ಕೆಲಸ ಅವರದ್ದಲ್ಲ, ಅವರ ಮೇಲೆ ಅದನ್ನು ಹೇರುವುದೂ ಸರಿಯಲ್ಲ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅದರ ಬಗ್ಗೆ ಒಂದು ಮಾತು. ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನ ಫ್ಲಾಟು, ಸೈಟುಗಳನ್ನು ಬಿಲ್ಡರ್ ಪರವಾಗಿ ಮಾರಿಸುವ ಏಜೆಂಟು ರೇರಾದಲ್ಲಿ ನೋಂದಣಿ ಮಾಡಿಸಿರಲೇಬೇಕು. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಗೊತ್ತಾಗುತ್ತದೆ. 500 ಚದರ ಮೀಟರ್ ಒಳಗಿನ ಅಥವಾ ಎಂಟು ಮನೆಗಳ ಒಳಗಿನ ಚಿಕ್ಕ ಪ್ರಾಜೆಕ್ಟಿಗೆ ಈ ನಿಯಮ ಇಲ್ಲ. ಒಬ್ಬರ ಹಳೇ ಮನೆಯನ್ನು ಇನ್ನೊಬ್ಬರಿಗೆ ಕೊಡಿಸುವ ಬ್ರೋಕರ್‌ಗೂ ಕಡ್ಡಾಯ ಅಲ್ಲ. ಆದ್ದರಿಂದ ನಿಮ್ಮ ಊರಿನ ಬ್ರೋಕರ್ ಹತ್ತಿರ ರೇರಾ ನಂಬರಿಲ್ಲ ಅಂತ ಅನುಮಾನ ಪಡಬೇಡಿ. ಹೊಸ ಅಪಾರ್ಟ್‌ಮೆಂಟಿನಲ್ಲಿ ಫ್ಲಾಟು ನೋಡಿದರೆ ಮಾತ್ರ ಮೊದಲು ಅದನ್ನೇ ಕೇಳಿ. ಅಲ್ಲಿ ಅಗ್ರಿಮೆಂಟ್ ನೋಂದಣಿ ಆಗುವ ಮೊದಲು ಬಿಲ್ಡರ್ 10 ಪರ್ಸೆಂಟ್‌ಗಿಂತ ಜಾಸ್ತಿ ಮುಂಗಡ ಕೇಳುವ ಹಾಗೂ ಇಲ್ಲ.

ಇನ್ನು ನಿಮ್ಮ ಟೋಕನ್ ಬ್ರೋಕರ್. "ಇವತ್ತು ಕೊಡದಿದ್ದರೆ ಸಂಜೆ ಇನ್ನೊಂದು ಪಾರ್ಟಿ ಬರುತ್ತೆ" ಅಂದಿರುತ್ತಾರೆ, ಅಲ್ವಾ? ಬರಲಿ ಬಿಡಿ. ಶಿವಮೊಗ್ಗದಲ್ಲಿ ಮನೆಗಳಿಗೆ ಬರ ಬಂದಿಲ್ಲ. ಮನೆ ನಿಜಕ್ಕೂ ಇಷ್ಟವಾಗಿದ್ದರೆ ಟೋಕನ್ ಕೊಡಬಹುದು, ಆದರೆ ಬ್ರೋಕರ್ ಕೈಗಲ್ಲ. ಮನೆ ಯಜಮಾನರ ಬ್ಯಾಂಕ್ ಖಾತೆಗೆ. ಜೊತೆಗೆ ಯಜಮಾನರ ಸಹಿ ಇರುವ ರಸೀದಿ, ಅದರಲ್ಲಿ "ವಕೀಲರು ಕಾಗದ ಸರಿಯಿಲ್ಲ ಅಂದರೆ ಪೂರ್ತಿ ವಾಪಸ್" ಅನ್ನುವ ಒಂದು ಸಾಲು. ಹೀಗೆ ಕೇಳಿದಾಗ ಬ್ರೋಕರ್ ಯಜಮಾನರನ್ನು ಕರೆಸಿ ಕೂರಿಸಿದರೆ ಮಾತು ಮುಂದುವರಿಸಿ. "ಯಜಮಾನರು ದುಬೈನಲ್ಲಿದ್ದಾರೆ, ನನ್ನ ಅಕೌಂಟಿಗೇ ಹಾಕಿ" ಅಂದರೆ ಅಲ್ಲಿಗೆ ಮುಗಿಸಿ.

ಮೂರನೆಯವರು ಸಂಬಂಧಿ. ಇದು ಕಷ್ಟದ ಪ್ರಶ್ನೆ, ಯಾಕೆಂದರೆ ಬೇಡ ಅಂದರೆ ಮದುವೆ ಮುಂಜಿಯಲ್ಲಿ ಮುಖ ನೋಡಬೇಕಲ್ಲ. ಸಂಬಂಧಿ ಅನ್ನುವ ಕಾರಣಕ್ಕೆ ಬೇಡ ಅನ್ನುವುದಿಲ್ಲ ನಾನು. ಅವರಿಗೆ ತೀರ್ಥಹಳ್ಳಿ ಕಡೆ ನಿಜವಾಗಿ ಓಡಾಟ ಇದ್ದರೆ ಮಾರುವ ಕೆಲಸ ಕೊಡಿ, ಅದೇ ಒಂದು ಪುಟದ ಪತ್ರ ಮಾಡಿಸಿ, ಕಮಿಷನ್ ಬೇರೆಯವರಿಗೆ ಕೊಡುವಷ್ಟೇ ಕೊಡಿ. "ಮನೆಯವರಲ್ವಾ, ಏನೂ ಬೇಡ" ಅಂತ ಅವರು ಹೇಳಿದರೂ ಒಪ್ಪಬೇಡಿ. ಬೇಡ ಅಂದವರ ಹತ್ತಿರ "ಯಾಕೆ ಲೇಟ್ ಆಯ್ತು" ಅಂತ ಕೇಳಲು ಬಾಯಿ ಬರುವುದಿಲ್ಲ. ಶಿವಮೊಗ್ಗದ ಕೆಲಸಕ್ಕೆ ಮಾತ್ರ ಏರಿಯಾ ಬಲ್ಲ ಬೇರೆಯವರನ್ನು ಹಿಡಿಯಿರಿ. ನೊಂದುಕೊಂಡರೆ, ಮನೆ ನೋಡಲು ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇನ್ನೊಬ್ಬ ಬ್ರೋಕರ್‌ನ ಮಾತು ತೂಗಿ ನೋಡಲು ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ.

ಕಮಿಷನ್ ಎಷ್ಟು? ನಮ್ಮ ಕಡೆ ಸಾಮಾನ್ಯವಾಗಿ ಒಂದರಿಂದ ಎರಡು ಪರ್ಸೆಂಟ್. ಹಳೇ ಮನೆ ಕೊಡಿಸುವುದಕ್ಕೆ ಇಷ್ಟೇ ಅಂತ ಸರ್ಕಾರದ ದರ ಇಲ್ಲ, ಮಾತಾಡಿಕೊಂಡಷ್ಟು. ದೊಡ್ಡ ಮೊತ್ತವಾದರೆ ಒಂದಕ್ಕೆ ಇಳಿಯುತ್ತಾರೆ, ಚಿಕ್ಕದಾದರೆ ಎರಡು ಬಿಡುವುದಿಲ್ಲ. ಬ್ರೋಕರ್ ಎರಡೂ ಕಡೆಯಿಂದ ತೆಗೆದುಕೊಳ್ಳುವುದು ನಮ್ಮಲ್ಲಿ ರೂಢಿ. ಹೇಳಿ ತೆಗೆದುಕೊಂಡರೆ ತಪ್ಪಿಲ್ಲ, ಹಾಗಾಗಿ ಮೊದಲೇ ಕೇಳಿ. ಬ್ರೋಕರ್ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಅಂತ ಸಾಲು ನಿಂತಿದ್ದರೆ, ಅವರೊಳಗೆ ಹಂಚಿಕೊಳ್ಳಲಿ, ನಾವು ಕೊಡುವುದು ಒಬ್ಬರಿಗೇ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಡಿ. ಜಿಎಸ್‌ಟಿ ನೋಂದಣಿ ಇರುವ ಏಜೆನ್ಸಿಯಾದರೆ ಕಮಿಷನ್ ಮೇಲೆ 18 ಪರ್ಸೆಂಟ್ ತೆರಿಗೆ ಸೇರುತ್ತದೆ, ಅದು ಒಳಗಾ ಹೊರಗಾ ಅಂತ ಕೇಳಿಕೊಳ್ಳಿ.

ಕೊಡುವುದು ಯಾವಾಗ ಅನ್ನುವುದೂ ಮುಖ್ಯ. ಅಗ್ರಿಮೆಂಟ್ ಆದಾಗ ಕಾಲು ಭಾಗ, ರಿಜಿಸ್ಟ್ರೇಷನ್ ದಿನ ಅರ್ಧ, ಖಾತೆ ಬದಲಾದ ಮೇಲೆ ಉಳಿದ ಕಾಲು. ಕೊನೆಯ ಕಾಲು ಭಾಗಕ್ಕೆ ಬಹಳ ಜನ ಗೊಣಗುತ್ತಾರೆ, ಆದರೂ ಹಿಡಿದುಕೊಳ್ಳಿ. ಬ್ಯಾಂಕ್ ಮೂಲಕವೇ ಕೊಡಿ, ರಸೀದಿ ಪಡೆಯಿರಿ. ಮಾರುವಾಗ ಕೊಟ್ಟ ಕಮಿಷನ್ನನ್ನು ಬಂಡವಾಳ ಲಾಭದ ತೆರಿಗೆ ಲೆಕ್ಕದಲ್ಲಿ ಮಾರಾಟದ ಖರ್ಚು ಅಂತ ಕಳೆಯಬಹುದು. ರಸೀದಿ ಇಲ್ಲದಿದ್ದರೆ ಆಡಿಟರ್ ಹತ್ತಿರ ಆ ಮಾತೆತ್ತುವ ಹಾಗಿಲ್ಲ.

ಅಪ್ಪನ ಓಡಾಟದ ಬಗ್ಗೆ ಚಿಂತೆ ಬೇಡ. 2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಆಸ್ತಿಯನ್ನು ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ತೀರ್ಥಹಳ್ಳಿ ತೋಟದ ಕ್ರಯಪತ್ರ ತೀರ್ಥಹಳ್ಳಿಯಲ್ಲೇ ಆಗಲಿ, ಅಪ್ಪನಿಗೆ ಹತ್ತಿರ. ಕೊಳ್ಳುವವರು ಶಿವಮೊಗ್ಗದವರಾಗಿದ್ದು ಇಲ್ಲೇ ಆಗಲಿ ಅಂತ ಹಠ ಹಿಡಿದರೆ, ಅವತ್ತೇ ಅಪ್ಪನಿಗೆ ಶಿವಮೊಗ್ಗದ ಮನೆಯನ್ನೂ ತೋರಿಸಿಬಿಡಿ. ಅಡಿಗೆಮನೆ ಮಾತ್ರ ಅಮ್ಮ ನೋಡಿ ಒಪ್ಪಲಿ.